ಹಂಚಿಕೊಂಡ ಮಾತ್ರೆ

ಮೊನ್ನೆ ಟ್ರಂಕಿನ ತಳದಲ್ಲಿ ಅಮ್ಮನ ಕುಂಕುಮದ ಮರದ ಭರಣಿ ಸಿಕ್ಕಿತು. ಮುಚ್ಚಳ ತೆಗೆದರೆ ಅದೇ ಹಳೆಯ ವಾಸನೆ... ಪಕ್ಕದ ಮನೆಯ ಅತ್ತೆ ನೆನಪಾದರು. ಅವರು ಇಂಥದ್ದೇ ಭರಣಿಯಲ್ಲಿ ಮಾತ್ರೆ ಇಡುತ್ತಿದ್ದರು. ಬಿಳಿ ಮಾತ್ರೆಗಳೆಲ್ಲ ಕೆಂಪಗಾಗಿರುತ್ತಿದ್ದವು.

ಅವರೇನೂ ಸಂಬಂಧದಲ್ಲಿ ಅತ್ತೆಯಲ್ಲ. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಕೇರಿಯಲ್ಲಿ ಗೋಡೆಗೆ ಗೋಡೆ ತಾಗಿದವರೆಲ್ಲ ಅತ್ತೆ, ಚಿಕ್ಕಮ್ಮಂದಿರೇ. ಅಮ್ಮ ಮಗ್ಗ ನೇಯುತ್ತಿದ್ದಳು. ಅತ್ತೆ ರಾಟೆಯ ಮುಂದೆ ಕೂತು ಅವಳ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರು. ಹಂಚಿ ಉಂಡರೆ ಹಸಿವಿಲ್ಲ ಎನ್ನುವ ಜನ ನಾವು. ಒಲೆಯ ಕೆಂಡದಿಂದ ಹುಳಿಸಾರಿನವರೆಗೆ ಎಲ್ಲವೂ ಗೋಡೆ ದಾಟುತ್ತಿತ್ತು.

ಅತ್ತೆಗೆ ಕ್ಷಯವೆಂದು ಗೊತ್ತಾದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳಿಗಾಗುವಷ್ಟು ಮಾತ್ರೆ ಕೊಡುತ್ತಿದ್ದರು. ಕೆಲವು ತಿಂಗಳಲ್ಲೇ ಕೆಮ್ಮು ನಿಂತಿತು. ಆದರೂ ವರ್ಷ ತುಂಬುವವರೆಗೆ ಒಂದು ದಿನವೂ ಬಿಡಬಾರದೆಂದು ಡಾಕ್ಟರು ಹೇಳಿದ್ದರು.

ಆ ಚಳಿಗಾಲ ಅಮ್ಮನಿಗೂ ಕೆಮ್ಮು ಹಿಡಿಯಿತು. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅರ್ಧ ದಿನ ಮಗ್ಗ ಸುಮ್ಮನಿರುತ್ತಿತ್ತು. ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಕ್ಷಯ ಎಂದುಬಿಟ್ಟರೆ, ಮದುವೆಯ ವಯಸ್ಸಿಗೆ ಬಂದಿದ್ದ ನನ್ನನ್ನು ಯಾರು ಕೇಳುತ್ತಾರೆ?

"ನೀನೇನೂ ಹೋಗ್ಬೇಡ ಕಣೇ," ಎಂದರು ಅತ್ತೆ. "ನಂದೇ ತಗೋ. ನಂಗೀಗ ಗುಣ ಆಗೈತೆ. ಒಂದಿನ ನೀನು, ಒಂದಿನ ನಾನು."

ಹೀಗೆ ಎರಡು ತಿಂಗಳು ನಡೆಯಿತು. ಬೇಡ ಎನ್ನಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಬಿಸಿಲು ಏರುತ್ತಿದ್ದಂತೆ ಅಮ್ಮನ ಕೆಮ್ಮು ಹೋಯಿತು. ಅತ್ತೆಯದು ತಿರುಗಿ ಬಂತು, ಈ ಸಲ ರಕ್ತದ ಜೊತೆ.

ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋದವಳು ನಾನೇ. ಡಾಕ್ಟರು ಗದರಿದರು. "ಮಾತ್ರೆ ಸರಿಯಾಗಿ ನುಂಗಿಲ್ಲ ಅಲ್ವೇನಮ್ಮ?"

ಅತ್ತೆ ನನ್ನ ಕಡೆ ನೋಡಲೂ ಇಲ್ಲ. "ಮರ್ತೋಗ್ತಿತ್ತು ಸ್ವಾಮಿ," ಎಂದರು.

ನಾನು ನೆಲ ನೋಡುತ್ತಾ ನಿಂತೆ. ಬಾಯಿ ಬಿಟ್ಟಿದ್ದರೆ ಅವರ ಮೇಲಿನ ಬೈಗುಳವಾದರೂ ತಪ್ಪುತ್ತಿತ್ತು... ನನ್ನ ಮದುವೆಯ ಯೋಚನೆ ನನ್ನ ಬಾಯಿ ಕಟ್ಟಿತು. ಆಮೇಲೆ ಯಾವ ಔಷಧಿಯೂ ಅವರಿಗೆ ನಾಟಲಿಲ್ಲ. ಮುಂದಿನ ಯುಗಾದಿಗೆ ಅವರಿರಲಿಲ್ಲ.

ಅಮ್ಮ ಎಂಬತ್ತು ದಾಟಿ ಬದುಕಿದಳು. ಅವಳಿಗೆ ಬಂದದ್ದು ಬರೀ ಚಳಿಯ ಕೆಮ್ಮೆಂದು ಆಮೇಲೆ ನಮ್ಮಿಬ್ಬರಿಗೂ ಗೊತ್ತಾಗಿತ್ತು. ಆ ಮಾತನ್ನು ನಾವು ಒಮ್ಮೆಯೂ ಎತ್ತಲಿಲ್ಲ. ಈಗ ಅಮ್ಮನೂ ಇಲ್ಲ. ಅತ್ತೆ ಮಾತ್ರೆ ಮರೆತವರಲ್ಲ ಎಂದು ಹೇಳಬಲ್ಲವಳು ಉಳಿದಿರುವುದು ನಾನೊಬ್ಬಳೇ.