ಸೂಟರ್ ಮನೆತನದ ಸೊಸೆ

“ನಿಮ್ಮ ಸರ್‌ನೇಮ್ ಹೇಳ್ಲೇ ಇಲ್ವಲ್ಲ, ಯಾವ ಪೈಕಿ?” ಅಮೆರಿಕದ ಫೋರ್ಟ್ ಮಿಲ್ ಊರಿನಲ್ಲಿ ಗೆಳೆಯರ ಗೃಹಪ್ರವೇಶದ ಊಟಕ್ಕೆ ಪಕ್ಕದಲ್ಲಿ ಕುಳಿತ ಅಂಕಲ್ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ಹೋಳಿಗೆ ಬಡಿಸುತ್ತಿದ್ದ ತಮ್ಮ ಅಮೆರಿಕನ್ ಸೊಸೆಯನ್ನು ತೋರಿಸಿ, “ಇವಳದು ಸೂಟರ್ ಫ್ಯಾಮಿಲಿ. ಹಳೇ ಮನೆತನ,” ಎಂದು ಬೀಗಿದರು.

ಹೆಸರು ಕೇಳಿಸಿಕೊಂಡ ಆಕೆ ನಗುತ್ತ ನಮ್ಮತ್ತ ತಿರುಗಿದಳು. ಸೂಟರ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಚಪ್ಪಲಿ ಹೊಲಿಯುವವನು, ಮೂಲ ಲ್ಯಾಟಿನ್, ತನ್ನ ಹಿರಿಯರ ಕಸುಬೇ ಅದು ಎಂದು ವಿವರಿಸಿದಳು. ಅಂಕಲ್ ಇನ್ನಷ್ಟು ಉಬ್ಬಿದರು. “ನೋಡಿ, ಎಂಥಾ ಹೆರಿಟೇಜು.”

“ಮೈಸೂರಲ್ಲಿ ನಮ್ಮಜ್ಜಂದೂ ಅದೇ ಕೆಲ್ಸ, ಅಂಕಲ್,” ಎಂದು ನಾನು ತುಪ್ಪದ ಬಟ್ಟಲನ್ನು ಅವರತ್ತ ಚಾಚಿದೆ.

ಅವರಿಗೆ ಥಟ್ಟನೆ ಕೊಲೆಸ್ಟ್ರಾಲ್ ನೆನಪಾಗಿ, ತುಪ್ಪ ಬೇಡವೆಂದರು. ಆಮೇಲೆ ಸೊಸೆ ಬೇರೆ ಬಟ್ಟಲಲ್ಲಿ ತಂದು ಸುರಿದ ತುಪ್ಪದಲ್ಲಿ ಮಾತ್ರ ಕೊಲೆಸ್ಟ್ರಾಲ್ ಇರಲಿಲ್ಲ.