ಯಾರೂ ಹುಡುಕದ ಪದ

ಕರಿಕೆ ರಸ್ತೆಯಲ್ಲಿರುವ ನಮ್ಮ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡಲು ಶುರುಮಾಡಿದಾಗ ವೆಬ್‌ಸೈಟ್ ಮಾಡಿಕೊಟ್ಟದ್ದು ಭಾವ, ನನ್ನ ಅಕ್ಕನ ಗಂಡ. ಪೊನ್ನಂಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವರು. ಪುಟದ ಶೀರ್ಷಿಕೆಗೆ ನಾನು "ಎರಡು ಕೋಣೆ, ಮನೆ ಊಟ" ಅಂತ ಬರೆದಿದ್ದೆ. ಅವರು ಓದಿ ನಕ್ಕೇ ನಕ್ಕರು.

"ಇದು ಶೀರ್ಷಿಕೆಯಾ, ಬಾಡಿಗೆ ಬೋರ್ಡಾ? ಜನ ಹುಡುಕುವಾಗ ಫೋನಿನಲ್ಲಿ ಏನು ಟೈಪ್ ಮಾಡ್ತಾರೋ ಅದು ಮೊದಲು ಬರಬೇಕು. ಉದ್ದ ಆದ್ರೆ ಹುಡುಕಿದಾಗ ಬರುವ ಪಟ್ಟಿಯಲ್ಲಿ ಬಾಲ ಕತ್ತರಿಸಿ ಹೋಗ್ತದೆ. ಕೆಳಗಿನ ಎರಡು ಸಾಲಿನಲ್ಲಿ ಆಸೆ ಹುಟ್ಟಿಸಬೇಕು. ಇಲ್ಲದಿದ್ರೆ ಯಾರು ಒತ್ತುತ್ತಾರೆ?"

ಒತ್ತುವ ಹಾಗೆ ಅವರೇ ಬರೆದರು: "ಅಪ್ಪಟ ಕೊಡವ ಮನೆಯಲ್ಲಿ ಉಳಿದುಕೊಳ್ಳಿ." ಕೆಳಗೆ, "ಕೊಡವ ಅಜ್ಜಿಯ ಕೈರುಚಿ, ಕೊಡವ ಮಾತು, ಕೊಡವ ಆತಿಥ್ಯ." ನನ್ನನ್ನು ಒಂದು ಮಾತು ಕೇಳಲಿಲ್ಲ. ಕೋಳಿ ಕೇಳಿ ಮಸಾಲೆ ಅರೀತಾರಾ?

ನಾವು ಕೊಡವರಲ್ಲ. ಅರೆಭಾಷೆ ಮಾತಾಡುವ ಗೌಡರು, ತಲೆತಲಾಂತರದಿಂದ ಇಲ್ಲೇ ಗದ್ದೆ ಉತ್ತು ಕಾಫಿ ಬೆಳೆದವರು. "ಭಾವ, ಇದು ಸುಳ್ಳಲ್ವಾ?" ಅಂದೆ. "ಹೊರಗಿನವರಿಗೆ ಕೊಡಗು ಅಂದ್ರೆ ಅಷ್ಟೇ. ಅರೆಭಾಷೆ ಅಂತ ಯಾರೂ ಹುಡುಕುವುದಿಲ್ಲ" ಅಂದರು. ಕ್ಲಿಕ್ಕುಗಳು ಬಂದವು, ಕೋಣೆಗಳೂ ತುಂಬಿದವು.

ಪಕ್ಕದ ಎಸ್ಟೇಟಿನ ಕೊಡವ ಗೆಳತಿ ಫೋನು ಹಿಡಿದುಕೊಂಡೇ ಬಂದಳು. "ನಮ್ಮ ಮನೆ ಪಾತ್ರೆ ಬೇಕಾ, ತಗೊ. ಮದುವೆಗೆ ನನ್ನ ಒಡವೆ ಬೇಕಾ, ಅದನ್ನೂ ತಗೊ. ನಮ್ಮ ಹೆಸರು ಯಾಕೆ ಮಾರಾಯ್ತಿ? ನಿಮಗೆ ನಿಮ್ಮದಿಲ್ವಾ?" ನಗುತ್ತಲೇ ಕೇಳಿದಳು.

ಆಮೇಲೆ ಗಂಡಹೆಂಡತಿ ಇಬ್ಬರು ಬಂದರು. ಜಗಲಿಯಲ್ಲಿ ಕೂತಿದ್ದ ನನ್ನ ಅತ್ತೆಯೆದುರು ಫೋನು ಹಿಡಿದು, "ಅಜ್ಜಿ, ನಿಮ್ಮ ಭಾಷೆಯಲ್ಲಿ ಏನಾದ್ರೂ ಹೇಳಿ, ವಿಡಿಯೋ ಮಾಡ್ತೇವೆ" ಎಂದರು. ಅತ್ತೆಗೆ ಖುಷಿಯೋ ಖುಷಿ. ಕೈ ಆಡಿಸಿಕೊಂಡು, ಗದ್ದೆಗೆ ಆನೆ ಬಂದ ಕತೆ ತೆಗೆದರು. ಆನೆ ಇನ್ನೂ ಬೇಲಿ ದಾಟಿರಲಿಲ್ಲ, ಆ ಗಂಡಸು ಫೋನು ಇಳಿಸಿದ. "ಇದು ಕನ್ನಡದ ಹಾಗೇ ಇದೆಯಲ್ಲ. ನೀವು ಒರಿಜಿನಲ್ ಅಲ್ವಾ?"

ಥೂ! ಅತ್ತೆಯದೇ ಮನೆ, ಅತ್ತೆಯದೇ ಜಗಲಿ, ಕೇಳುವ ಪ್ರಶ್ನೆಯಾ ಇದು? ಅತ್ತೆ ಎದ್ದು ಒಳಗೆ ಹೋದರು. ಅಂದಿನಿಂದ ಬಂದವರೆದುರು ತುಟಿ ಬಿಚ್ಚಲಿಲ್ಲ. ರೊಟ್ಟಿ ಬಡಿಸುವುದು, ಒಳಗೆ ಹೋಗುವುದು. ಬೆಳಿಗ್ಗೆ ಎದ್ದರೆ ನಾಯಿಗೂ ಒಂದು ಕತೆ ಹೇಳುವ ಹೆಂಗಸು ಅವರು!

ಭಾವನ ಹತ್ತಿರ ಪಾಸ್‌ವರ್ಡ್ ಕೇಳಿ ತಗೊಂಡೆ. ನಾನೇ ಬರೆದೆ: "ಅರೆಭಾಷೆ ಮಾತಾಡುವ ಮನೆ, ಕೊಡಗು." ಬಾಲ ಕತ್ತರಿಸಿ ಹೋದರೂ ನಮ್ಮ ಹೆಸರು ಉಳಿಯಲಿ ಅಂತ, ಅವರ ಪಾಠದ ಪ್ರಕಾರವೇ, ಅದನ್ನು ಮೊದಲು ಇಟ್ಟೆ. ಕೆಳಗೆ, "ಎರಡು ಕೋಣೆ. ಅತ್ತೆಯ ಅಡುಗೆ. ಅವರಿಗೆ ಮನಸ್ಸು ಬಂದರೆ ಕತೆಯೂ ಉಂಟು."

"ಹುಚ್ಚಾ ನಿಂಗೆ? ಯಾರೂ ಹುಡುಕದ ಪದ!" ಭಾವ ಫೋನಿನಲ್ಲಿ ಕೂಗಾಡಿದರು.

"ಬರೆಯುವವರೇ ಇಲ್ಲದಿದ್ರೆ ಹುಡುಕುವವರು ಎಲ್ಲಿಂದ ಬರ್ತಾರೆ ಭಾವ?"

ಕೋಣೆಗಳು ಖಾಲಿ ಬಿದ್ದವು. ಬೀಳಲಿ ಅಂದೆ. ಮಳೆಗಾಲ ಪೂರ್ತಿ ಹಾಸಿಗೆಗಳಿಗೆ ಬೂಸ್ಟು ಹಿಡಿಯದಂತೆ ನೋಡಿಕೊಂಡದ್ದೇ ಕೆಲಸ. ಭಾವ ಆಗಾಗ ಫೋನ್ ಮಾಡಿ ಕೆಣಕುತ್ತಿದ್ದರು. ಒಂದಕ್ಷರ ಬದಲಿಸಲಿಲ್ಲ ನಾನು.

ಮಳೆ ಬಿಟ್ಟ ಮೇಲೆ ಒಬ್ಬಳು ಬಂದಳು. ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸವಂತೆ. ಅಮ್ಮ ತೀರಿಹೋದ ಮೇಲೆ ಮನೆ ಮಾತು ಆಡಲು ಯಾರೂ ಇಲ್ಲ, ಅದಕ್ಕೇ ಅರೆಭಾಷೆ ಅಂತ ಬರೆದು ಹುಡುಕಿದೆ ಅಂದಳು. ಜಗಲಿ ಹತ್ತಿ, ಅತ್ತೆಯನ್ನು ನಮ್ಮ ಮಾತಿನಲ್ಲೇ ಕೇಳಿದಳು, ಊಟ ಆಯಿತಾ ಅಂತ. ಅತ್ತೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. ಆಮೇಲೆ ಅವಳ ಕೈ ಹಿಡಿದು ಸೀದಾ ಅಡುಗೆಮನೆಗೇ ಕರೆದುಕೊಂಡು ಹೋದರು.

ಅಷ್ಟರಲ್ಲಿ ಭಾವನ ಫೋನು. "ನೋಡಿದೆಯಾ? ಈ ವಾರ ಒಂದೇ ಒಂದು ಕ್ಲಿಕ್ಕು!"

"ಗೊತ್ತುಂಟು ಭಾವ. ಅದು ಒಳಗೆ ಒಲೆ ಪಕ್ಕ ಕೂತು ರೊಟ್ಟಿ ತಿಂತಾ ಉಂಟು. ಕೇಳಿ ಬೇಕಾದ್ರೆ."

ಫೋನನ್ನು ಅಡುಗೆಮನೆ ಬಾಗಿಲಿಗೆ ಹಿಡಿದೆ. ಒಳಗೆ ಅತ್ತೆ ಆನೆಯ ಕತೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದ್ದರು.