ದೊಡ್ಡಮ್ಮನ ಬಲಗಿವಿ

ದೊಡ್ಡಮ್ಮನ ಎಡಗಿವಿಯಲ್ಲಿ ಬೆಂಡೋಲೆ ಇರಲಿಲ್ಲ. ಬಲಗಿವಿಯಲ್ಲಿ ಮಾತ್ರ ಕೆಂಪು ಕಲ್ಲಿನದೊಂದು ಮಿನುಗುತ್ತಿತ್ತು. ಜೋಡಿಯ ಇನ್ನೊಂದು ಎಲ್ಲಿ ಎಂದು ಯಾರಾದರೂ ಕೇಳಿದರೆ, "ಕೇಣದ ಕೆಮಿಗ್ ಶೃಂಗಾರ ಎಂತಕೆ?" ಎಂದು, ಕೇಳಿಸದ ಆ ಕಿವಿಯನ್ನೊಮ್ಮೆ ಮುಟ್ಟಿ ತೋರಿಸಿ, ತನ್ನ ಕೆಲಸ ಮುಂದುವರಿಸುತ್ತಿದ್ದಳು. ಯಾರೇ ಮಾತನಾಡಿಸಿದರೂ ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಬಲಗಿವಿಯನ್ನು ಅವರ ಮುಂದೆ ಹಿಡಿಯುವುದು ಅವಳ ರೂಢಿ. ಗೊತ್ತಿಲ್ಲದವರು ಅದನ್ನು ಸೊಕ್ಕು ಅಂದುಕೊಳ್ಳುತ್ತಿದ್ದರು. ಸೊಕ್ಕೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಅವಳು ನನ್ನ ಅಮ್ಮನ ಅಕ್ಕ. ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದರು, ಅಮ್ಮನೂ ಅಲ್ಲಿಗೇ ಹೋದಳು, ನಾನು ಉಪ್ಪುಂದದಲ್ಲಿ ದೊಡ್ಡಮ್ಮನ ಜೊತೆ ಉಳಿದೆ. ಬೆಳಿಗ್ಗೆ ದಡಕ್ಕೆ ಹೋಗಿ ಮೀನು ಕೊಂಡು, ಬುಟ್ಟಿ ಹೊತ್ತು, ಬಸ್ಸು ಹತ್ತಿ ಒಳನಾಡಿನ ಮನೆಮನೆಗೆ ಮಾರುವುದು ಅವಳ ಕಸುಬು. ಬಂಗುಡೆಗೆ ಯಾರಾದರೂ ತೀರ ಕಡಿಮೆ ಬೆಲೆ ಕೇಳಿದರೆ ಮೆಲ್ಲಗೆ ಎಡಗಿವಿ ತಿರುಗಿಸಿ ಕುಳಿತುಬಿಡುತ್ತಿದ್ದಳು. ಕೇಳಿದವರು ಕೂಗಿ ಕೂಗಿ ಸುಸ್ತಾಗಿ ತಾವೇ ಬೆಲೆ ಏರಿಸುತ್ತಿದ್ದರು. ಹಾಲಾಡಿಯಲ್ಲಿ ನಾನು ಬ್ಲೌಸ್ ಹೊಲಿಯುವ ಅಂಗಡಿ ಇಟ್ಟ ಮೇಲೆ, ಆ ಕಡೆ ಬಂದಾಗಲೆಲ್ಲ ಖಾಲಿ ಬುಟ್ಟಿಯನ್ನು ನನ್ನ ಬಾಗಿಲಲ್ಲಿಟ್ಟು ಚಾ ಕುಡಿದು ಹೋಗುತ್ತಿದ್ದಳು. ಗಿರಾಕಿಗಳು ಮೂಗು ಮುಚ್ಚಿಕೊಂಡರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ.

ಮಲಗುವಾಗ ಅವಳು ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗುವಳು. ಆಮೇಲೆ ಗಾಳಿಯೂ ಇಲ್ಲ, ಸಮುದ್ರವೂ ಇಲ್ಲ, ಸುಖನಿದ್ದೆ. ಆದರೆ ಚಿಕ್ಕವಳಿದ್ದಾಗ ನನಗೆ ಜ್ವರ ಬಂದರೆ ಮಗ್ಗುಲು ಬದಲಾಗುತ್ತಿತ್ತು. ಕೇಳದ ಕಿವಿಯನ್ನು ದಿಂಬಿಗಿಟ್ಟು, ಕೇಳುವ ಕಿವಿಯನ್ನು ಮೇಲೆ ಮಾಡಿ ಮಲಗುತ್ತಿದ್ದಳು. ನಾನು ಒಂದು ಸಲ ನರಳಿದರೆ ಸಾಕು, ಎದ್ದು ಕೂರುತ್ತಿದ್ದಳು. ಎಷ್ಟೋ ವರ್ಷ ನನಗೆ ಇದರ ಅರ್ಥವೇ ಆಗಿರಲಿಲ್ಲ.

ಎಡಗಿವಿ ಹೋದದ್ದು ಗಂಡನ ಹೊಡೆತಕ್ಕೆ. ಗಂಡ ಯಕ್ಷಗಾನದ ಭಾಗವತರು, ಸಣ್ಣಪುಟ್ಟವರಲ್ಲ. ಅವರು ಪದ್ಯ ಎತ್ತಿದರೆ ಸಭೆಯಲ್ಲಿ ಕೆಮ್ಮುವವರೂ ಕೆಮ್ಮು ನುಂಗಿಕೊಳ್ಳುತ್ತಿದ್ದರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅಭಿಮಾನಿಗಳು ನನ್ನ ಅಂಗಡಿಗೆ ಬಂದು ರಂಪ ಮಾಡುತ್ತಾರೆ. ರಂಪಕ್ಕೆ ನಾನೇನೂ ಹೆದರುವವಳಲ್ಲ, ಆದರೆ ನಾನು ಹೇಳಹೊರಟಿರುವುದು ದೊಡ್ಡಮ್ಮನ ವಿಷಯ. ಅವರ ಕೈ ಮೊದಲಿನಿಂದಲೂ ಮುಂದಿತ್ತಂತೆ. ಕೊನೆಯ ದಿನ ಊಟಕ್ಕೆ ಬಡಿಸುತ್ತ ದೊಡ್ಡಮ್ಮ, "ನಿನ್ನೆ ಆ ಪದ್ಯ ಒಂಚೂರ್ ಓಡ್ತ್ ಅಲ್ದಾ?" ಎಂದಳಂತೆ. ಓಡಿತು ಅಂದರೆ ಕಾಲ ತಪ್ಪಿ ವೇಗವಾಯಿತು ಅಂತ. ಮದುವೆಯಾದಾಗಿನಿಂದ ಅವರ ಪದ್ಯವನ್ನು ಅವಳಷ್ಟು ಸರಿಯಾಗಿ ಕೇಳಿದವರು ಇನ್ನೊಬ್ಬರಿರಲಿಲ್ಲ. ಅವಳು ಹೇಳಿದ್ದು ನಿಜವೂ ಆಗಿತ್ತು. ಎಂಜಲು ಕೈ ಅಂತಲೂ ನೋಡದೆ ಅವರು ಬೀಸಿದ ಪೆಟ್ಟು ಎಡಗಿವಿಗೆ ಬಿತ್ತು. ಆ ಸಂಜೆಯೇ ಅವಳು ಬ್ರಹ್ಮಾವರದ ಕಡೆಯ ಆ ಮನೆ ಬಿಟ್ಟು ಉಪ್ಪುಂದಕ್ಕೆ ಬಂದಳು. ಕರಿಮಣಿಯನ್ನು ತಾನೇ ಬಿಚ್ಚಿ ಪೆಟ್ಟಿಗೆಗೆ ಹಾಕಿದಳು. ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಇಷ್ಟಾದರೆ ಮಾತು ಮುಗಿಯುತ್ತಿತ್ತು. ಮುಗಿಯಲಿಲ್ಲ. ಯಾಕೆಂದರೆ ದೊಡ್ಡಮ್ಮ ಅವರ ಪದ್ಯ ಕೇಳುವುದನ್ನು ಬಿಡಲಿಲ್ಲ. ಮೊದಲು ರೇಡಿಯೋ, ಆಮೇಲೆ ಕ್ಯಾಸೆಟ್, ಕೊನೆಗೆ ನಾನೇ ಕೊಡಿಸಿದ ಮೊಬೈಲು. ಅಂಗಳದಲ್ಲಿ ಮೀನು ಒಣಗಿಸಲು ಹರಡುತ್ತ, ಬಲಗಿವಿಯ ಹತ್ತಿರ ಮೊಬೈಲು ಸಿಕ್ಕಿಸಿಕೊಂಡು, ಕಣ್ಣು ಅರೆಮುಚ್ಚಿ ಕೇಳುವಳು. ನಡುವೆ, "ಇಲ್ಲ್ ಕಾಣ್, ಇಲ್ಲ್ ಎಷ್ಟ್ ಚಂದ ನಿಲ್ಸಿರ್" ಎಂದು ನನ್ನನ್ನೂ ಕರೆಯುವಳು. ಆ ಸ್ವರ ಕೇಳಿದರೇ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹತ್ತಿರದಲ್ಲಿ ಎಲ್ಲಾದರೂ ಅವರ ಯಕ್ಷಗಾನದ ಆಟವಿದ್ದರೆ ಟಿಕೇಟು ಮಾಡಿಸಿ ಹೋಗುತ್ತಿದ್ದಳು. ರಂಗಸ್ಥಳದ ಎದುರು ಎಡತುದಿಯ ಕುರ್ಚಿಯೇ ಅವಳಿಗೆ ಬೇಕು. ಅಲ್ಲಿ ಕುಳಿತರೆ ಬಲಗಿವಿ ಸರಿಯಾಗಿ ಭಾಗವತರ ಕಡೆಗಿರುತ್ತದೆ.

ಒಂದು ದಿನ ನನ್ನ ಅಮ್ಮ ಊರಿಗೆ ಬಂದಿದ್ದವಳು ತಡೆಯಲಾರದೆ ಕೇಳಿಯೇಬಿಟ್ಟಳು. "ನಿಂಗೆ ನಾಚ್ಕಿ ಅಂಬುದ್ ಇತ್ತಾ ಅಕ್ಕ? ಕೆಮಿ ಒಡ್ದವ್ರ್ ಪದ್ಯ ಉಳ್ದ್ ಕೆಮಿಯಗೆ ಕೇಂತೆ ಅಲಾ?"

ದೊಡ್ಡಮ್ಮನಿಗೆ ಸಿಟ್ಟು ಬರಲಿಲ್ಲ. "ಪದ್ಯ ನಂಗ್ ಮೊದ್ಲ್ ಸಿಕ್ಕದ್. ಗಂಡ ಆಮೇಲ್ ಆದ್ದ್. ಆಮೇಲ್ ಆದ್ದನ್ನ ಬಿಟ್ಟಿದ್ದೆ. ಮೊದ್ಲ್ ಸಿಕ್ಕದ್ದನ್ನ ಎಂತಕೆ ಬಿಡ್ಕ್?" ಎಂದಳು. ಮತ್ತೆ, "ಒಂದ್ ಕೆಮಿ ಅವ್ರ್ ತಕಂಡ್ರ್. ಇನ್ನೊಂದ್ ನಂದ್. ಅದ್ರಗೆ ಎಂತ ಕೇಣ್ಕ್ ಅಂಬುದನ್ನ ನೀವ್ ಯಾರೂ ಹೇಳುದ್ ಬೇಡ" ಎಂದಳು.

ನಮ್ಮ ಕಡೆಯವರದು ಈ ಕಾಟವಾದರೆ, ಊರವರದು ಇನ್ನೊಂದು ಬಗೆ. ಭಾಗವತರು ಹೇಳುವುದರಲ್ಲಿ ಹೆಸರಾದದ್ದು ಗಂಡನಿಂದ ದೂರವಾಗಿ ಕಾಡುಪಾಲಾದ ಹೆಣ್ಣಿನ ಪದ್ಯಗಳು. ಅದನ್ನು ಕೇಳಿ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುವುದನ್ನು ನಾನೇ ಕಂಡಿದ್ದೇನೆ. ಮೀನು ಕೊಳ್ಳುವ ಮನೆಯ ಒಬ್ಬ ಅಜ್ಜಿ ಪ್ರತಿಸಲವೂ ಅದನ್ನೇ ಎತ್ತುವಳು. "ಅಷ್ಟ್ ಚಂದ ಹೇಳುವವ್ರ್ ಮನ್ಸ್ ಕೆಟ್ಟದಿಪ್ಪುಕಿಲ್ಲೆ ಹೆಣೆ. ಹೆಂಗ್ಸಿನ ದುಃಖ ಅಷ್ಟ್ ಗೊತ್ತಿಪ್ಪವ್ರ್. ಸಿಟ್ಟ್ ಬಿಟ್ ಹೋಗ್."

ಒಮ್ಮೆ ಶಾಲೆ ರಜೆಯಲ್ಲಿ ಜೊತೆಗೆ ಹೋಗಿದ್ದ ನಾನು ಬುಟ್ಟಿಯ ಪಕ್ಕ ಕುಳಿತು ಕೇಳುತ್ತಿದ್ದೆ. ದೊಡ್ಡಮ್ಮ ಮೀನು ಕೊಯ್ಯುವ ಕೈ ನಿಲ್ಲಿಸಿದಳು. "ಗೊತ್ತಿಲ್ದೇ ಹೊಡ್ದವ್ರನ್ನ ಬಿಟ್ ಬಿಡ್ಲಕ್ಕ್ ಅಮಾ. ಇವ್ರಿಗ್ ಎಲ್ಲ ಗೊತ್ತಿತ್ತ್. ಹೆಣ್ಣಿಗ್ ಎಲ್ಲಿ ನೋವಾತ್ತ್, ಹ್ಯಾಂಗ್ ನೋವಾತ್ತ್, ಎಲ್ಲ. ಇಲ್ದಿರೆ ಆ ಪದ್ಯ ಹಾಂಗ್ ಹೇಳುಕ್ ಬತ್ತಿತ್ತಾ? ಗೊತ್ತಿದ್ದೇ ಹೊಡ್ದದ್ ಅವ್ರ್."

ಪದ್ಯ ಎಷ್ಟು ಚಂದವೋ ತಪ್ಪು ಅಷ್ಟು ದೊಡ್ಡದು ಎಂಬುದು ಅವಳ ಲೆಕ್ಕ. ಇಷ್ಟು ವರ್ಷಗಳಲ್ಲಿ ಕಲಾವಿದರ ಬಗ್ಗೆ ದೊಡ್ಡ ದೊಡ್ಡವರು ಮೈಕಿನಲ್ಲಿ ಏನೇನೋ ಹೇಳಿದ್ದನ್ನು ಕೇಳಿದ್ದೇನೆ. ಆ ಅಜ್ಜಿಯ ಜಗಲಿಯಲ್ಲಿ ಕೇಳಿದ್ದನ್ನು ಬೇರೆ ಯಾರ ಬಾಯಲ್ಲೂ ಕೇಳಲಿಲ್ಲ.

ಭಾಗವತರಿಗೆ ವಯಸ್ಸಾಗಿ, ಮೇಳ ಬಿಡುವ ಹೊತ್ತಿಗೆ, ಬ್ರಹ್ಮಾವರದಲ್ಲಿ ಅವರಿಗೊಂದು ಸನ್ಮಾನ ಅಂತಾಯಿತು. ನಮ್ಮ ಕಡೆ ಸನ್ಮಾನವೆಂದರೆ ದಂಪತಿ ಸಹಿತ. ಗಂಡನಿಗೆ ಶಾಲು, ಹಣ್ಣಿನ ಬುಟ್ಟಿ, ಎಡಗಡೆ ಕುಳಿತ ಹೆಂಡತಿಗೆ ಹರಿವಾಣದಲ್ಲಿ ಸೀರೆ. ಭಾಗವತರು ಇನ್ನೊಂದು ಮದುವೆಯಾಗಿರಲಿಲ್ಲ. ಹಾಗಾಗಿ ಆ ಕುರ್ಚಿಗೆ ಜನ ಹುಡುಕಿಕೊಂಡು ಕಮಿಟಿಯವರು ಇಬ್ಬರು ಉಪ್ಪುಂದಕ್ಕೆ ಬಂದರು. ಅದು ಭಾನುವಾರ, ನಾನೂ ಅಲ್ಲೇ ಇದ್ದೆ. ಚಾ ಕೊಟ್ಟೆ, ಮುಖ ಮಾತ್ರ ಗಂಟು.

ಅವರಲ್ಲಿ ಹಿರಿಯರು, "ಅಕ್ಕಾ, ನೀವ್ ಬಂದ್ ಕೂಕಂಡ್ರೆ ಸಾಕ್. ಮಾತಾಡುದ್ ಬೇಡ. ಹಳೇದೆಲ್ಲ ಈಗ ಯಾರಿಗ್ ಬೇಕ್?" ಎಂದರು.

"ಹೆಂಡ್ತಿ ಎಡಗಡಿಗ್ ಕೂಕಣ್ಕ್ ಅಲ್ದಾ?"

"ಹೌದ್."

"ಹಂಗಾರೆ ನಂಗ್ ಇಪ್ಪ ಒಂದೇ ಒಂದ್ ಕೆಮಿ ಅವ್ರ್ ಬದಿಗ್ ಬತ್ತ್. ಅಷ್ಟ್ ಹತ್ರ ನಾನ್ ಅದನ್ನ ತಕಂಡ್ ಹ್ವಾತಿಲ್ಲೆ."

ಜೊತೆಗಿದ್ದ ಎಳೆಯ ವಯಸ್ಸಿನವರು ಓದಿಕೊಂಡವರು. ತಾಳ್ಮೆಯಿಂದ ವಿವರಿಸಿದರು. "ಕಲೆ ಬೇರೆ, ಕಲಾವಿದನ ಖಾಸಗಿ ಬದುಕ್ ಬೇರೆ ಅಲ್ದಾ ಅಮ್ಮ? ನಾವ್ ಎರಡನ್ನ ಒಟ್ಟ್ ಮಾಡುಕಾಗ."

"ನಾನೂ ಅದನ್ನೇ ಹೇಳುದ್" ಎಂದಳು ದೊಡ್ಡಮ್ಮ. "ಎರಡನ್ನೂ ಒಟ್ಟಿಗ್ ಕೂರ್ಸುಕ್ ಬಂದದ್ ನೀವ್ ಅಲ್ದಾ? ಆಟಕ್ಕ್ ನಾನ್ ಬತ್ತೆ. ಪದ್ಯ ಕೇಂತೆ. ಕುರ್ಚಿ ಕೆಳ್ಗ್ ಹಾಕಿ."

ಅವರು ಚಾ ಅರ್ಧಕ್ಕೇ ಬಿಟ್ಟು ಎದ್ದರು. ನನಗೆ ಹಬ್ಬವಾದಷ್ಟು ಖುಷಿ. ಆದರೆ ದೊಡ್ಡಮ್ಮ ನಿಜವಾಗಿಯೂ ಹೊರಟು ನಿಂತಾಗ ಖುಷಿಯೆಲ್ಲ ಇಳಿಯಿತು. ಬಯ್ಯುತ್ತಲೇ ಜೊತೆಗೆ ಹೋದೆ.

ಸಂಜೆ ಹೊತ್ತು, ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಎರಡು ಕುರ್ಚಿ. ಒಂದರಲ್ಲಿ ಭಾಗವತರು, ಇನ್ನೊಂದರಲ್ಲಿ ಹರಿವಾಣ, ಅದರಲ್ಲಿ ಹಸಿರು ಸೀರೆ. ನಾವು ಎಡತುದಿಯಲ್ಲಿ ಕುಳಿತೆವು. ಸನ್ಮಾನಪತ್ರ ಓದಿದರು. ಅದರಲ್ಲಿ "ಸದ್ಗೃಹಸ್ಥರೂ ಸಾತ್ವಿಕರೂ ಆದ" ಎಂದು ಬಂದದ್ದೇ ನನಗೆ ಎದ್ದು ನಿಲ್ಲಬೇಕೆನಿಸಿತು. ಪಕ್ಕಕ್ಕೆ ನೋಡಿದೆ. ದೊಡ್ಡಮ್ಮ ಎಡಗಿವಿಯನ್ನು ವೇದಿಕೆಗೆ ಮಾಡಿ, ಹೊರಗೆ ನಿಂತ ಐಸ್‌ಕ್ರೀಮ್ ಗಾಡಿ ನೋಡುತ್ತಿದ್ದಳು. ಬಂಗುಡೆಯ ಬೆಲೆ ಕಡಿಮೆ ಕೇಳಿದಾಗಿನ ಅದೇ ಮುಖ. ಓದು ಮುಗಿದು, ಚಪ್ಪಾಳೆ ಮುಗಿದು, ಭಾಗವತರು ಜಾಗಟೆ ಕೈಗೆತ್ತಿಕೊಂಡ ಮೇಲೆ ಮೆಲ್ಲಗೆ ತಲೆ ತಿರುಗಿಸಿ ಬಲಗಿವಿ ಕೊಟ್ಟಳು. ಪದ್ಯ ಮುಗಿಯುವವರೆಗೆ ಅಲ್ಲಾಡಲಿಲ್ಲ. ಅವಳ ಕೆನ್ನೆ ಒದ್ದೆಯಾಗಿತ್ತು. ನಮ್ಮ ಪಕ್ಕದಲ್ಲಿದ್ದ ಹೆಂಗಸೊಬ್ಬರು ಇವಳು ಯಾರೆಂದು ತಿಳಿಯದೆ, ಮೂಗೊರೆಸಿಕೊಳ್ಳುತ್ತ, "ಇವ್ರ್ ಹೆಂಡ್ತಿ ಪುಣ್ಯ ಮಾಡಿರ್ಕ್ ಕಾಣಿ" ಎಂದರು. ದೊಡ್ಡಮ್ಮ, "ಪದ್ಯ ಭಾರಿ ಲಾಯ್ಕಾಯ್ತ್" ಎಂದಷ್ಟೇ ಹೇಳಿ ಚಪ್ಪಲಿ ಹುಡುಕಿದಳು.

ಅದಾಗಿ ಒಂದು ವಾರದೊಳಗೆ ಭಾಗವತರು ಆ ಹಸಿರು ಸೀರೆ ಹಿಡಿದುಕೊಂಡು ಉಪ್ಪುಂದಕ್ಕೆ ಬಂದರು. ಅಂಗಳದಲ್ಲಿ ನಿಂತು "ಹ್ವಾಯ್" ಎಂದು ಕರೆದರು. ದೊಡ್ಡಮ್ಮ ಜಗಲಿಗೆ ಬಂದಳು. ಅಂದೂ ಉಪ್ಪುಂದದಲ್ಲೇ ಇದ್ದ ನಾನು ಅವಳ ಹಿಂದೆ ಬಾಗಿಲಲ್ಲಿ ನಿಂತೆ.

"ಕೆಮಿ ಹ್ಯಾಂಗಿತ್ತ್?" ಎಂದರು ಅವರು.

"ಒಂದ್ ಇತ್ತ್."

ಅವರು ತಲೆ ತಗ್ಗಿಸಿದರು. "ಅಂದ್ ಪದ್ಯ ಓಡಿದ್ ಹೌದ್" ಎಂದರು. "ನಂಗೂ ಗೊತ್ತಿತ್ತ್. ತಪ್ಪ್ ನಂದ್."

"ನಂಗೂ ಗೊತ್ತಿತ್ತ್ ನಿಮ್ಗ್ ಗೊತ್ತಿತ್ತ್ ಅಂತ್. ಮೊನ್ನೆ ಓಡ್ಲಿಲ್ಲೆ, ಲಾಯ್ಕಿತ್ತ್."

"ಒಳ್ಗ್ ಬರ್ಲ್ಯಾ?"

"ಬೇಡ. ಸೀರೆಯೂ ಬೇಡ."

ಅವರು ಹೋದರು. ದೊಡ್ಡಮ್ಮ ಅಂಗಳಕ್ಕಿಳಿದು ಒಣಗಲು ಹಾಕಿದ್ದ ಮೀನು ಮಗುಚಿದಳು. ಆ ದಿನ ಅವಳು ಮೊಬೈಲು ಹಚ್ಚಲಿಲ್ಲ. ಮರುದಿನದಿಂದ ಮತ್ತೆ ಅದೇ ಪದ್ಯ, ಅದೇ "ಇಲ್ಲ್ ಕಾಣ್".

ಹೋದ ವರ್ಷ ಒಂದು ಬೆಳಿಗ್ಗೆ, ದಡದಿಂದ ಬಂದು ಬುಟ್ಟಿ ಇಳಿಸಿ ಜಗಲಿಯಲ್ಲಿ ಕುಳಿತವಳು ಅಲ್ಲೇ ಒರಗಿದಳು, ಮತ್ತೆ ಏಳಲಿಲ್ಲ. ನನಗೆ ಸುದ್ದಿ ಬಂದು, ಹಾಲಾಡಿಯಿಂದ ಓಡಿಬರುವಷ್ಟರಲ್ಲಿ ಅವಳನ್ನು ಒಳಗೆ ಚಾಪೆಯ ಮೇಲೆ ಮಲಗಿಸಿದ್ದರು. ಕೈಯಲ್ಲಿ ಇನ್ನೂ ಮೀನಿನ ವಾಸನೆಯಿತ್ತು. ತೊಳೆಯಲು ನಾನು ಬಿಡಲಿಲ್ಲ. ನನ್ನನ್ನು ಹೆತ್ತವಳು ಅಮ್ಮ, ನನ್ನನ್ನು ಕೇಳಿಸಿಕೊಂಡವಳು ಇವಳು. ಪಕ್ಕದಲ್ಲಿ ಕುಳಿತು ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಭಾಗವತರು ಬಂದರು, ಕೋಲೂರಿಕೊಂಡು. ಅಂಗಳ ತುಂಬ ಜನ. ಹಿರಿಯರೆಲ್ಲ ದಾರಿ ಬಿಟ್ಟರು. "ಗಂಡ ಇಪ್ಪವ್ಳ್, ಮುತ್ತೈದೆ. ಅವ್ರೇ ಕುಂಕುಮ ಇಡ್ಕ್, ಬಾಯಿಗ್ ನೀರ್ ಬಿಡ್ಕ್" ಎಂದು ಒಬ್ಬರು ಹೇಳಿದರು, ಇನ್ನೊಬ್ಬರು ಹೌದೆಂದರು. ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. ಇದರ ಬಗ್ಗೆ ದೊಡ್ಡಮ್ಮ ನನಗೆ ಏನೂ ಹೇಳಿ ಹೋಗಿರಲಿಲ್ಲ. ಆದರೆ "ಬೇಡ" ಎಂದದ್ದನ್ನು ನಾನು ಕೇಳಿದ್ದೆ. "ಕುಂಕುಮ ನಾನ್ ಇಟ್ಟಾಯ್ತ್. ಅವ್ರ್ ಒಳ್ಗ್ ಬಪ್ಪುಕಿಲ್ಲೆ" ಎಂದೆ. ಸತ್ತ ಮನೆಯಲ್ಲಿ ಇದೆಂಥ ಹಟ ಎಂದು ಗುಜುಗುಜು ಶುರುವಾಯಿತು.

ಭಾಗವತರೇ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ನಾನ್ ಒಳ್ಗ್ ಬತ್ತಿಲ್ಲೆ ಮಗಾ" ಎಂದರು. ಸ್ವರ ಒಡೆದುಹೋಗಿತ್ತು. "ಇಲ್ಲೇ ನಿಂತ್ ಒಂದ್ ಪದ್ಯ ಹೇಳ್ಲ್ಯಾ?"

ಅದನ್ನೂ ಬೇಡವೆನ್ನಲು ನನ್ನ ಬಾಯಿ ತೆರೆದಿತ್ತು. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇಂದಿಗೂ ಹೋಗಿಲ್ಲ. ಆದರೆ ಉಳಿದ ಕಿವಿಯಲ್ಲಿ ಏನು ಕೇಳಬೇಕೆಂದು ಹೇಳುವ ಹಕ್ಕು ಅವಳು ಯಾರಿಗೂ ಕೊಟ್ಟವಳಲ್ಲ, ನನಗೂ ಕೊಟ್ಟಿರಲಿಲ್ಲ.

ಒಳಗೆ ಹೋದೆ. ಚಾಪೆಯ ಪಕ್ಕ ಮೊಣಕಾಲೂರಿ, ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಡಕ್ಕೆ ಹೊರಳಿಸಿದೆ. ಕೇಳದ ಕಿವಿಯನ್ನು ಚಾಪೆಗೆ ಮಾಡಿದೆ, ಬೆಂಡೋಲೆಯಿದ್ದ ಕಿವಿಯನ್ನು ಮೇಲೆ ಮಾಡಿದೆ. ನನ್ನ ಜ್ವರದ ದಿನಗಳಲ್ಲಿ ಅವಳು ಹೀಗೇ ಮಲಗುತ್ತಿದ್ದಳು. ಆಮೇಲೆ ಬಾಗಿಲಿಗೆ ಬಂದು, ಹೊಸ್ತಿಲ ಈಚೆಯೇ ನಿಂತು, "ಹೇಳಿ" ಎಂದೆ.